ಲಿಂಗೈಕ್ಯ ಡೆಪ್ಯುಟಿ ಚನ್ನಬಸಪ್ಪನವರು

ಮನುಷ್ಯನು ವಹಿಸಿದ ಅಧಿಕಾರವು ಆತನು ಅದನ್ನು ಬಿಟ್ಟ ದಿನವೇ ಆತನನ್ನು ಬಿಟ್ಟುಹೋಗುವದು ಲೋಕದ ರೂಢಿ. ಮಾಮಲೇದಾರನಾಗಿದ್ದವನನ್ನು ಮುಂದಿನ ತಲೆಯವರು ಮಾಮಲೇದಾರನೆಂದು ನೆನೆಯುವದಿಲ್ಲ. ಆದರೆ ಧಾರವಾಡದ ಚನ್ನಬಸಪ್ಪನವರ ಸಂಗತಿಯು ಇದಕ್ಕೆ ವಿಪರೀತವಾದದ್ದು. ಅವರು ವಿದ್ಯಾಖಾತೆಯಲ್ಲಿ ವಹಿಸಿದ ಡೆಪ್ಯುಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರರ ಹುದ್ದೆಯು ಅವರ ಹೆಸರಿನೊಡನೆ ಬೆಸೆದುಕೊಂಡು, ಅವರು ಲಿಂಗೈಕ್ಯರಾಗಿ ನೂರಾನಲವತ್ತು ವರ್ಷಗಳು ಮೀರಿದರೂ ಕನ್ನಡಿಗರು ಅವರನ್ನು ಡೆಪ್ಯುಟಿ ಚನ್ನಬಸಪ್ಪನವರೆಂದೇ ಕರೆಯುತ್ತಿರುವರು. ಜನರು ಆ ಬಿರುದನ್ನು ಕಾಪಾಡಿಕೊಂಡದ್ದು ಅಧಿಕಾರದ ಮೇಲಿನ ಭಯದಿಂದಲ್ಲ. ತಮ್ಮ ಎಳೆಯ ಮಕ್ಕಳು ತಮ್ಮ ಮನೆಯ ಮಾತಿನಲ್ಲಿಯೇ ಓದುಬರಹವನ್ನು ಕಲಿಯುವಂತೆ ಮಾಡಿದ ಮಹನೀಯರೆಂಬ ಕೃತಜ್ಞತೆಯಿಂದಲೇ ಅದನ್ನು ಕಾಪಾಡಿದರು.

ಚನ್ನಬಸಪ್ಪನವರ ಕಾರ್ಯವು ಎಂಥದೆಂಬುದನ್ನು ತಿಳಿಯಬೇಕಾದರೆ ತತ್ಪೂರ್ವದಲ್ಲಿ ಕನ್ನಡ ನಾಡಿನ ಮಕ್ಕಳಿಗೆ ವಿದ್ಯೆಯು ಯಾವ ರೀತಿಯಾಗಿ ದೊರೆಯುತ್ತಿತ್ತೆಂಬುದನ್ನು ತುಸು ವಿಸ್ತಾರವಾಗಿ ನೋಡಬೇಕು. ಆ ಕಾಲಕ್ಕೆ ಶಾಲೆಯೆಂಬ ಮಾತು ಹಳ್ಳಿಗಳಲ್ಲಿ ಬಳಕೆಯಲ್ಲಿರಲಿಲ್ಲ. ಮಠವೆಂಬುದೇ ಬಳಕೆಯ ಮಾತು. ಮಕ್ಕಳು ಓದಲಿಕ್ಕೆ ಹೋಗುವದೆಂದರೆ ಮಠಕ್ಕೆ ಹೋಗುವದೇ ಆಗಿತ್ತು. ಅನೇಕ ಊರುಗಳಲ್ಲಿ ಅಯ್ಯನವರೇ ಗುರುಗಳಾಗಿ, ಮಠದ ಪಡಸಾಲೆಯೇ ಪಾಠದ ಸ್ಥಳವಾಗಿ ಇದ್ದುದರಿಂದ ಈ ಮಾತು ಹುಟ್ಟಿತು. ಕೂಲಿಯನ್ನು ಕೊಟ್ಟು ಕಲಿಯುವ ಮಠವಾದದ್ದರಿಂದ ಕೂಲಿಮಠವೆಂದೂ ಹೆಸರಾಯಿತು. ಆ ಕೂಲಿಯಾದರೂ ಬಹುಮಟ್ಟಿಗೆ ದವಸಧಾನ್ಯಗಳ ರೂಪದ್ದು.

1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ ಎಂಬಾತನು ತನ್ನ ಜಿಲ್ಲೆಯ ಮಠಗಳ ಲೆಕ್ಕವನ್ನು ತೆಗೆಯಿಸಿ ಮದ್ರಾಸಿನ ಸರಕಾರಕ್ಕೆ ಕಳುಹಿಸಿದನು. ಒಂಬತ್ತು ಲಕ್ಷಕ್ಕೆ ಮಿಕ್ಕಿದ ಜನಸಂಖ್ಯೆಯುಳ್ಳ ಆ ಜಿಲ್ಲೆಯಲ್ಲಿ 533 ಮಠಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಅದರಿಂದ ತಿಳಿಯುವದು. ಅಂದರೆ ಮಠವೊಂದಕ್ಕೆ ಹನ್ನೆರಡು ಹದಿಮೂರು ಹುಡುಗರು. ಅವುಗಳಲ್ಲಿ ಕನ್ನಡ ಮಠಗಳೇ 235. ಮಗುವಿಗೆ ಐದು ವರ್ಷ ತುಂಬಿದಾಗ ವಿದ್ಯಾರಂಭವು ನಡೆಯುತ್ತಿದ್ದ ಕ್ರಮವನ್ನು ಆತನು ವರ್ಣಿಸಿರುವನು, ಅದು ನೆನೆಯತಕ್ಕದ್ದಾಗಿದೆ. ಮೊದಲು ಮಗುವು ಮಠಕ್ಕೆ ಹೋಗುತ್ತಿರಲಿಲ್ಲ. ಮಠವೇ ಮಗುವಿನ ಮನೆಗೆ ಬರುತ್ತಿತ್ತು. ತಂದೆತಾಯಿಗಳು ಗುರುವನ್ನೂ ಆತನ ಎಲ್ಲ ಶಿಷ್ಯರನ್ನೂ ಮನೆಗೆ ಕರೆಯುವರು. ಎಲ್ಲರೂ ವಿಘ್ನೇಶ್ವರನ ಮೂರ್ತಿಯ ಸುತ್ತಲೂ ಕುಳಿತಿರುವಾಗ ಗುರುವು ಮಗುವಿನ ಪಕ್ಕದಲ್ಲಿ ಕುಳಿತು, ಧೂಪವನ್ನು ಹಾಕಿ, ಪ್ರಾರ್ಥನೆಯನ್ನು ನುಡಿಯಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳಿನಿಂದಲೇ ದೇವರ ನಾಮವನ್ನು ಬರೆಯಿಸುವನು. ಮನೆಯವರು ಶಕ್ತ್ಯನುಸಾರವಾಗಿ ಗುರುವಿಗೆ ಕಾಣಿಕೆಯನ್ನು ಕೊಡುವರು. ಮರುದಿನದಿಂದ ಮಗುವು ಮಠಕ್ಕೆ ಹೊರಡುವದು. ಲಿಂಗವಂತರ ಮಕ್ಕಳು ಷಡಕ್ಷರ ಮಂತ್ರದಿಂದಲೇ ಅಕ್ಷರಕ್ಕೆ ಮೊದಲಿಡುವ ಸಂಪ್ರದಾಯವು ಈ ಪೀಠದ ಭಕ್ತರಿಗೆ ಹೊಸದಲ್ಲ. ಆ ಮಠಗಳಲ್ಲಿ ಓದಿಸುತ್ತಿದ್ದ ಗ್ರಂಥಗಳ ಪಟ್ಟಿಯಲ್ಲಿ ಗಿರಿಜಾಕಲ್ಯಾಣ, ಚನ್ನಬಸವ ಪುರಾಣ ಮುಂತಾದ ವೀರಶೈವ ಕೃತಿಗಳ ಹೆಸರುಗಳನ್ನು ಕ್ಯಾಂಪ್‌ಬೆಲ್ಲನು ಬೇರೆಯಾಗಿಯೇ ಕಾಣಿಸಿರುವನು.

ಮನೆಗೂ ಮಠಕ್ಕೂ ಇದ್ದ ಈ ನಂಟು ವಿದ್ಯಾರಂಭದ ದಿನಕ್ಕೆ ಮುಗಿಯುತ್ತಿರಲಿಲ್ಲ. ನಾಡಿನ ಹಲವೆಡೆಗಳಲ್ಲಿ ಮಹಾನವಮಿ ಬಂದಿತೆಂದರೆ ಗುರುವು ಶಿಷ್ಯರನ್ನು ಸಿಂಗರಿಸಿ ಮನೆಮನೆಗೂ ಕರೆದೊಯ್ದು ಚೌಪದಗಳನ್ನು ಹಾಡಿಸುವನು. ತಮ್ಮ ಮಗನು ಏನನ್ನು ಕಲಿತನೆಂಬುದು ತಾಯಿತಂದೆಗಳಿಗೂ ಓಣಿಯವರಿಗೂ ಕಿವಿಯಾರೆ ತಿಳಿಯುವದು. ಗುರುವಿಗೆ ವರ್ಷಾಶನವು ಕೂಡುವದು. ಪರೀಕ್ಷೆಯೂ ಅದೇ, ಹಬ್ಬವೂ ಅದೇ. ಹೀಗಿದ್ದರೂ ಕೂಲಿಮಠದ ದೋಷಗಳನ್ನು ಮುಚ್ಚಿಡುವದು ಯೋಗ್ಯವಲ್ಲ. ಅರ್ಥವಿಲ್ಲದ ಬಾಯಿಪಾಠವೂ ಎಳೆಯ ಮೈಗಳು ತಾಳಲಾರದ ಶಿಕ್ಷೆಗಳೂ ಅಲ್ಲಿ ಹೇರಳವಾಗಿದ್ದವು. ಹೆಣ್ಣುಮಕ್ಕಳು ಅಲ್ಲಿ ಕಾಣುತ್ತಿದ್ದುದು ಅಪರೂಪ. ಅಂತ್ಯಜರೆಂದು ಕರೆಯಲ್ಪಟ್ಟವರ ಮಕ್ಕಳಿಗಂತೂ ಬಾಗಿಲು ಮುಚ್ಚಿತ್ತು. ಬಡತನದ ದೆಸೆಯಿಂದ ಹೊಲದ ಕೆಲಸಕ್ಕೆ ಬೇಕಾದ ಮಕ್ಕಳನ್ನು ಮಠದಿಂದ ಬಿಡಿಸುವ ತಂದೆತಾಯಿಗಳು ಆಗಲೇ ಬಹಳವಿದ್ದರು.

ಇಂಥ ಕಾಲದಲ್ಲಿ, 1830ರ ದಶಕದ ಮೊದಲ ಭಾಗದಲ್ಲಿ, ಧಾರವಾಡದ ಲಿಂಗವಂತ ಮನೆತನವೊಂದರಲ್ಲಿ ಚನ್ನಬಸಪ್ಪನವರು ಜನಿಸಿದರು. ಪೇಶವೆಯರ ಆಳಿಕೆಯು 1818ರಲ್ಲಿ ಮುಗಿದು ಧಾರವಾಡ ಸೀಮೆಯು ಇಂಗ್ರೇಜರ ಕೈಸೇರಿ ಮುಂಬಯಿ ಇಲಾಖೆಗೆ ಕೂಡಿಕೊಂಡಿತ್ತು. ಅರಸರು ಬದಲಾದರೂ ದಫ್ತರದ ಭಾಷೆಯು ಬದಲಾಗಲಿಲ್ಲ. ಕಚೇರಿಯಲ್ಲಿ ಮರಾಠಿ, ಕಾಗದಪತ್ರಗಳಲ್ಲಿ ಮರಾಠಿ. ಸರಕಾರವು ತೆರೆದ ಹೊಸ ಶಾಲೆಗಳಲ್ಲಿಯೂ ಬಹುಮಟ್ಟಿಗೆ ಮರಾಠಿಯೇ. ಹೊಲದಲ್ಲಿಯೂ ಒಲೆಯ ಮುಂದೆಯೂ ತೊಟ್ಟಿಲ ಬಳಿಯಲ್ಲಿಯೂ ಕನ್ನಡವನ್ನಾಡುವ ಜನರ ಮಕ್ಕಳು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ಬೇರೊಂದು ಮಾತಿನಲ್ಲಿ ಅಕ್ಷರವನ್ನು ತಿದ್ದಬೇಕಾಗಿತ್ತು. ವಾಲ್ಟರ್ ಇಲಿಯಟ್ ಮುಂತಾದ ಕೆಲವು ಅಧಿಕಾರಿಗಳು ಕನ್ನಡ ಶಾಲೆಗಳ ಬಗ್ಗೆ ಆಸ್ಥೆಯನ್ನು ತೋರಿದರೆಂಬುದು ನಿಜ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರೂ ಕನ್ನಡದಲ್ಲಿಯೇ ಕಲಿಸಿದರು. ಆದರೆ ಇವೆಲ್ಲ ಹೊಳೆಯಷ್ಟು ಬಾಯಾರಿಕೆಗೆ ಬೊಗಸೆಯಷ್ಟು ನೀರು.

ಚನ್ನಬಸಪ್ಪನವರು ಧಾರವಾಡದಲ್ಲಿ ಪ್ರಾರಂಭದ ಓದನ್ನು ಮುಗಿಸಿ, ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಪುಣೆಗೆ ತೆರಳಿದರು. ರೈಲುದಾರಿಯಿಲ್ಲದ ಆ ದಿನಗಳಲ್ಲಿ ಲಿಂಗವಂತ ಮನೆತನದ ತರುಣನೊಬ್ಬನು ಇಂಗ್ಲಿಷ್ ವಿದ್ಯೆಗಾಗಿ ಅಷ್ಟು ದೂರ ಹೋಗುವದು ಸಾಮಾನ್ಯವಾದ ಸಾಹಸವಲ್ಲ. ಸರಕಾರಿ ಚಾಕರಿಯಲ್ಲಿ ಲಿಂಗವಂತರು ಬೆರಳೆಣಿಕೆಯಷ್ಟು ಮಾತ್ರ ಇದ್ದ ಕಾಲವದು. ಒಕ್ಕಲುತನವೂ ವ್ಯಾಪಾರವೂ ಇರುವಾಗ ಓದು ಯಾತಕ್ಕೆ ಬೇಕೆಂಬುದೇ ಸಮಾಜದ ಸಾಧಾರಣ ಭಾವನೆ. ಪುಣೆಯಲ್ಲಿ ಅವರು ಕಂಡದ್ದು ಮರಾಠಿಗರು ತಮ್ಮ ಭಾಷೆಗಾಗಿ ಮಾಡುತ್ತಿದ್ದ ಉದ್ಯಮ. ಅಲ್ಲಿ ಮರಾಠಿ ಮಕ್ಕಳು ಮರಾಠಿಯಲ್ಲಿ ಕಲಿಯುವದು ಎಷ್ಟು ಸಹಜವೋ ಕನ್ನಡದ ಮಕ್ಕಳು ಕನ್ನಡದಲ್ಲಿ ಕಲಿಯುವದೂ ಅಷ್ಟೇ ಸಹಜವಾಗಿರಬೇಕಲ್ಲವೆ? ಅವರ ಮುಂದಿನ ಕಾರ್ಯವೆಲ್ಲವೂ ಈ ಸರಳವಾದ ನ್ಯಾಯದ ಮೇಲೆ ನಿಂತಿತು. ಮರಾಠಿಯ ಮೇಲಿನ ದ್ವೇಷವನ್ನು ಅದರಲ್ಲಿ ಹುಡುಕುವದು ಸಲ್ಲದು.

1854ರ ವುಡ್ಡನ ನಿರೂಪವು ಬಂದು, ಮರುವರ್ಷ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯು ಸ್ಥಾಪಿತವಾಗಲು, ಊರೂರಿಗೆ ಶಾಲೆಗಳನ್ನು ತೆರೆಯುವ ಕೆಲಸವು ಮೊದಲಾಯಿತು. ಚನ್ನಬಸಪ್ಪನವರು ಈ ಖಾತೆಯನ್ನು ಸೇರಿ, ಶಿಕ್ಷಕರನ್ನು ಸಿದ್ಧಪಡಿಸುವ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿಯೂ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿಯೂ ದುಡಿದರು. ಅವರ ಮೇಲಧಿಕಾರಿಯಾಗಿ ಬಂದ ರಸೆಲ್ ಸಾಹೇಬನು ಕನ್ನಡವನ್ನು ಪ್ರೀತಿಸಿದ ಸಜ್ಜನನು. ಕನ್ನಡ ಸೀಮೆಯ ಶಾಲೆಗಳಲ್ಲಿ ಕನ್ನಡವೇ ನಡೆಯತಕ್ಕದ್ದೆಂಬ ಚನ್ನಬಸಪ್ಪನವರ ವಾದಕ್ಕೆ ಆತನ ಬೆಂಬಲವು ದೊರೆಯಿತು. ಬೆಳಗಾವಿ ಧಾರವಾಡ ಪ್ರಾಂತಗಳಲ್ಲಿ ಮರಾಠಿ ಶಾಲೆಗಳಿದ್ದಲ್ಲಿ ಕನ್ನಡ ಶಾಲೆಗಳು ಬಂದವು. ಕನ್ನಡದಲ್ಲಿ ಪಾಠಪುಸ್ತಕಗಳು ಸಿದ್ಧವಾದವು.

ಭಾಷೆಯು ಬದಲಾದದ್ದರಿಂದ ಒದಗಿದ ಫಲವು ಅಭಿಮಾನದ ತೃಪ್ತಿಯೊಂದೇ ಎಂದು ತಿಳಿಯಲಾಗದು. ಶಾಲೆಗೂ ಮನೆಗೂ ನಡುವೆ ಬಿದ್ದಿದ್ದ ಗೋಡೆಯು ಅದರಿಂದ ಉರುಳಿತು. ಮಗನು ಮರಾಠಿಯಲ್ಲಿ ಪಾಠವನ್ನೊಪ್ಪಿಸಿದರೆ ಅದು ಸರಿಯೋ ತಪ್ಪೋ ಎಂದು ಹೇಳಲು ಒಕ್ಕಲಿಗ ತಂದೆಗೆ ಬಾಯಿಲ್ಲ. ತಾಯಿಗಂತೂ ಅದು ಗಿಳಿಯ ಮಾತು. ಕನ್ನಡದಲ್ಲಿ ಓದಿದನೆಂದರೆ ಅಕ್ಷರವರಿಯದ ಅಜ್ಜಿಯೂ ಅವನ ತಪ್ಪನ್ನು ತಿದ್ದಬಲ್ಲಳು. ಶ್ರಾವಣದಲ್ಲಿ ಪುರಾಣವನ್ನು ಕೇಳಿ ಕೇಳಿ ಕಿವಿಯಲ್ಲಿ ತುಂಬಿಕೊಂಡವಳಿಗೆ ಮೊಮ್ಮಗನು ಎಡವಿದ್ದು ತಿಳಿಯದೆ? ಬೇರೆ ಊರಿನ ಬೀಗರ ಕಾಗದವನ್ನು ಓದಲಿಕ್ಕೂ, ಸಾವಕಾರನ ಸಾಲಪತ್ರದಲ್ಲಿ ಏನಿದೆಯೆಂದು ನೋಡಿ ಹೇಳಲಿಕ್ಕೂ ಮನೆಯ ಮಗುವೇ ಬಂದಾಗ ಶಾಲೆಯು ಯಾತಕ್ಕೆ ಬೇಕೆಂಬ ಪ್ರಶ್ನೆಯು ತಾನಾಗಿಯೇ ಸಡಿಲಾಗುವದು. ವಿದ್ಯಾಖಾತೆಯ ಹುಕುಮುಗಳಿಂದ ಆಗದ ಕೆಲಸವು ಹೀಗೆ ಮನೆಯ ಮಾತಿನಿಂದ ಆಯಿತು.

ಇದೇ ಧಾರವಾಡದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡುವದು ನ್ಯಾಯವಾಗದು. 1856ರ ಜೂನದಲ್ಲಿ ಮಹಾರ ಜಾತಿಯ ಹುಡುಗನೊಬ್ಬನು ತನ್ನನ್ನು ಧಾರವಾಡದ ಸರಕಾರಿ ಶಾಲೆಯಲ್ಲಿ ಸೇರಿಸಿಕೊಳ್ಳಬೇಕೆಂದು ಸರಕಾರಕ್ಕೆ ಅರ್ಜಿಯನ್ನು ಮಾಡಿಕೊಂಡನು. ಆತನೊಬ್ಬನು ಸೇರಿದರೆ ಉಳಿದವರೆಲ್ಲ ಬಿಟ್ಟುಹೋಗುವರೆಂಬ ಭೀತಿಯಿಂದ ಮುಂಬಯಿ ಸರಕಾರವು ಅರ್ಜಿಯನ್ನು ತಳ್ಳಿಹಾಕಿತು. ಸಂಗತಿಯು ಕಲಕತ್ತೆಗೂ ಅಲ್ಲಿಂದ ವಿಲಾಯತಿಗೂ ಹೋಗಿ, ಸರಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಜಾತಿಭೇದವಿಲ್ಲದೆ ಎಲ್ಲರಿಗೂ ಪ್ರವೇಶವಿರಬೇಕೆಂಬ ತತ್ವವು 1858ರಲ್ಲಿ ಕಂಪನಿಯ ಡೈರೆಕ್ಟರರಿಂದ ನಿರ್ಧರಿಸಲ್ಪಟ್ಟಿತು. ನಿರ್ಧಾರವು ಕಾಗದದ ಮೇಲಾಯಿತೇ ಹೊರತು ಬಾಗಿಲು ತೆರೆಯಲು ದಶಕಗಳೇ ಬೇಕಾದವು. ಊರವರ ಒಪ್ಪಿಗೆಯಿಂದ ಶಾಲೆಯನ್ನು ನಡೆಸುವದು ಎಷ್ಟು ಹಿತವೋ, ಆ ಊರವರೇ ಯಾರನ್ನು ಹೊರಗಿಟ್ಟಿರುವರೆಂದು ಕೇಳದಿರುವದು ಅಷ್ಟೇ ಅಹಿತ. ಕಲ್ಯಾಣದ ಶರಣರ ಮಹಾಮನೆಯ ವಾರಸುದಾರರಾದ ಲಿಂಗವಂತರು ಈ ಹುಡುಗನ ಅರ್ಜಿಯನ್ನು ಮರೆಯತಕ್ಕದ್ದಲ್ಲ.

ಚನ್ನಬಸಪ್ಪನವರ ಕೃತಿಗಳಲ್ಲಿ ಬಹುಕಾಲ ಬಾಳಿದ್ದು ಶಿಕ್ಷಕರ ಶಿಕ್ಷಣ. ಹೊಸ ಶಾಲೆಗಳು ತೆರೆದೊಡನೆ ಹೊಸದೊಂದು ತೊಡಕೂ ಹುಟ್ಟಿತ್ತು. ಕೂಲಿಮಠದ ಅಯ್ಯನವರಿಗೆ ಊರೇ ಆಧಾರ. ಮಗುವಿನ ಮನೆಯವರು ಮೆಚ್ಚದಿದ್ದರೆ ಅವರ ಒಲೆಯು ಉರಿಯುವಂತಿಲ್ಲ. ಸಂಬಳದ ಮಾಸ್ತರನಿಗೆ ಆ ಹಂಗಿಲ್ಲ. ವರ್ಗವಾಗಿ ಬಂದವನು, ವರ್ಗವಾಗಿ ಹೋಗುವವನು. ಮಕ್ಕಳ ಮನೆಗಳ ಹಾದಿಯನ್ನು ಅರಿಯದೆಯೇ ವರ್ಷಗಳನ್ನು ಕಳೆಯಬಲ್ಲನು. ಊರಿನವರೂ ಶಾಲೆಯು ಸರಕಾರದ್ದೆಂದು ದೂರ ನಿಲ್ಲುವರು. ಈ ಕೊರತೆಯನ್ನು ನೀಗಬೇಕಾದರೆ ಪುಸ್ತಕ, ಹಲಿಗೆ, ಕಟ್ಟಡಗಳು ಸಾಲವು. ಕಲಿಸುವವನ ಬುದ್ಧಿಯೇ ಹದಗೊಳ್ಳಬೇಕು. ಆ ಹದವನ್ನು ಕೊಡುವದಕ್ಕೆ ನಾರ್ಮಲ್ ಶಾಲೆಯು ಸಾಧನವಾಯಿತು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಕಲಿಸಬಲ್ಲ ತರುಣರು ಅಲ್ಲಿಂದ ಹೊರಟು ಹಳ್ಳಿಹಳ್ಳಿಗೆ ಹಬ್ಬಿದರು. ಕಾದಂಬರಿಯನ್ನು ಕನ್ನಡಿಸಿದ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ವೆಂಕಟರಂಗೋ ಕಟ್ಟಿಯವರು ಮೊದಲಾದ ವಿದ್ವಾಂಸರು ಇದೇ ತಲೆಯವರು. ಶಾಲೆಯ ಮಾಸ್ತರರು ಕನ್ನಡ ಗದ್ಯವನ್ನು ಕಟ್ಟಿದ ಆ ಕಾಲವನ್ನು ಉತ್ತರ ಕರ್ನಾಟಕದ ಅರುಣೋದಯವೆಂದರೆ ಹೆಚ್ಚಾಗದು.

ಹಳ್ಳಿಗಳಲ್ಲಿ ಒಂಟಿಯಾಗಿದ್ದ ಈ ಶಿಕ್ಷಕರಿಗೆ ಆಸರೆಯಾಗಿ 1865ರಲ್ಲಿ ಒಂದು ಮಾಸಪತ್ರಿಕೆಯು ಹೊರಟಿತು. ಅದಕ್ಕೆ ಇಟ್ಟ ಹೆಸರು ಮಠಪತ್ರಿಕೆ. ಹೊಸ ವಿದ್ಯಾಖಾತೆಯ ಹೊಸ ಪದ್ಧತಿಯ ಪತ್ರಿಕೆಗೆ ಶಾಲೆಯೆಂಬ ಹೊಸ ಮಾತನ್ನು ಬಿಟ್ಟು ಮಠವೆಂಬ ಹಳೆಯ ಮಾತನ್ನೇ ಆರಿಸಿದ್ದನ್ನು ಈ ಗ್ರಂಥದ ವಾಚಕರು ವಿಶೇಷವಾಗಿ ಗಮನಿಸಬೇಕು. ತಂದೆತಾಯಿಗಳ ಬಾಯಲ್ಲಿ ಯಾವ ಮಾತಿತ್ತೋ ಅದೇ ಮಾತು ಮಾಸ್ತರನ ಕೈಯಲ್ಲಿನ ಪತ್ರಿಕೆಯ ತಲೆಯ ಮೇಲೆ ಬಂದಿತು.

ಶಾಲೆಯ ಖರ್ಚಿನ ವಿಷಯವು ಒಣದಾದರೂ ಅದನ್ನು ದಾಟುವಂತಿಲ್ಲ. ವಿದ್ಯಾಖಾತೆಯ ಮೊದಲ ವರ್ಷಗಳಲ್ಲಿ ಮುಂಬಯಿ ಇಲಾಖೆಯವರು ಅರೆಸ್ವಾವಲಂಬಿ ಶಾಲೆಗಳ ಪದ್ಧತಿಯನ್ನು ನಡೆಸಿದರು. ಊರವರು ಖರ್ಚಿನ ಒಂದು ಪಾಲನ್ನು ಹೊತ್ತು ಸ್ಥಳವನ್ನು ಕೊಟ್ಟರೆ ಉಳಿದುದನ್ನು ಸರಕಾರವು ಕೊಡುವದು. ಬಡ ಊರುಗಳಿಗೆ ಇದು ಭಾರವಾಗಿ ಪದ್ಧತಿಯು ನಿಂತುಹೋಯಿತು. ತರುವಾಯ 1863ರ ಸುಮಾರಿಗೆ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಪಟ್ಟಿಯನ್ನು ಎತ್ತಿ, ಅದರ ಮೂರನೆಯ ಒಂದು ಪಾಲನ್ನು ಶಾಲೆಗಳಿಗೂ ಉಳಿದುದನ್ನು ದಾರಿ ಮುಂತಾದ ಕೆಲಸಗಳಿಗೂ ತೆಗೆದಿಡುವ ಕ್ರಮವು ಬಂದು, 1869ರಲ್ಲಿ ಅದು ಕಾಯದೆಯಾಯಿತು. ಅಂದರೆ ಮಗನನ್ನು ಶಾಲೆಗೆ ಕಳುಹಿಸಿದ ರೈತನೂ ಕಳುಹಿಸದ ರೈತನೂ ಶಾಲೆಗೆ ಹಣವನ್ನು ತೆರುತ್ತಿದ್ದರು. ಹಣವನ್ನು ತೆತ್ತ ಊರಿಗೆ ಶಾಲೆಯನ್ನು ಕೇಳುವ ಹಕ್ಕುಂಟಾಯಿತು. ಆದರೆ ಆ ಹಕ್ಕು ತನಗುಂಟೆಂದು ರೈತನಿಗೆ ತಿಳಿಯಹೇಳುವವರು ಬೇಕಾಗಿತ್ತು. ಡೆಪ್ಯುಟಿಯ ಉದ್ಯೋಗದ ಮಹತ್ವವು ಇಲ್ಲಿಯೇ.

ಧಾರವಾಡಕ್ಕೆ ರೈಲುದಾರಿಯು ಬಂದದ್ದು ಚನ್ನಬಸಪ್ಪನವರ ಕಾಲಾನಂತರ. ಅವರ ಸವಾರಿಯೆಲ್ಲವೂ ಎರೆಯ ಭೂಮಿಯ ಕೆಸರು ಧೂಳುಗಳ ದಾರಿಯಲ್ಲಿ ನಡೆದದ್ದು. ಡೆಪ್ಯುಟಿಯು ಊರಿಗೆ ಬರುವದೆಂದರೆ ಅಂದಿನ ದಿನಗಳಲ್ಲಿ ಸಣ್ಣ ಜಾತ್ರೆ. ಗುಡಿಯಲ್ಲಿಯೋ ಚಾವಡಿಯಲ್ಲಿಯೋ ಮಠದ ಪಡಸಾಲೆಯಲ್ಲಿಯೋ ಶಾಲೆಯು ಕೂಡುತ್ತಿತ್ತು, ಏಕೆಂದರೆ ಸ್ವಂತ ಕಟ್ಟಡವುಳ್ಳ ಶಾಲೆಗಳು ವಿರಳ. ಮಕ್ಕಳ ಪರೀಕ್ಷೆಯು ನಡೆಯುವಾಗ ಗೌಡ, ಕುಲಕರ್ಣಿ, ಊರ ಹಿರಿಯರು ಸುತ್ತಲೂ ಕುಳಿತು ಕೇಳುವರು. ಮೈಯ ಮೇಲೆ ಲಿಂಗವನ್ನು ಧರಿಸಿದ, ತಮ್ಮಂತೆಯೇ ಕನ್ನಡವನ್ನಾಡುವ ಒಬ್ಬ ಅಧಿಕಾರಿಯು ಸರಕಾರದ ಪರವಾಗಿ ಬಂದು ತಮ್ಮ ಮಕ್ಕಳನ್ನು ವಿಚಾರಿಸುವದು ಆ ಜನರಿಗೆ ಎಂಥ ಧೈರ್ಯವನ್ನು ಕೊಟ್ಟಿರಬೇಕೆಂಬುದನ್ನು ಊಹಿಸಬಹುದು. ಓದು ಬೇರೆಯವರ ಸ್ವತ್ತೆಂದು ತಿಳಿದಿದ್ದ ಒಕ್ಕಲು ಮನೆಗಳು ತಮ್ಮ ಮಕ್ಕಳ ಕೈಯಲ್ಲಿ ಪಾಟಿಯನ್ನು ಕೊಡಲು ಮೊದಲುಮಾಡಿದ್ದು ಈ ತಲೆಯಲ್ಲಿ.

1871ರಲ್ಲಿ ಅವರು ಶೇಕ್ಸ್‌ಪಿಯರ್ ಕವಿಯ ಕಾಮೆಡಿ ಆಫ್ ಎರರ್ಸ್ ನಾಟಕವನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಶೇಕ್ಸ್‌ಪಿಯರನು ಕನ್ನಡದ ಉಡುಪನ್ನು ಧರಿಸಿದ್ದು ಇಂಥ ಮೊದಲ ಪ್ರಯತ್ನಗಳಿಂದಲೇ. ವಿದ್ಯಾಖಾತೆಯ ಗಂಭೀರ ಅಧಿಕಾರಿಯು ವಿನೋದದ ಕಥೆಯನ್ನು ಆರಿಸಿಕೊಂಡದ್ದು ಕೆಲವರಿಗೆ ಸೋಜಿಗವಾಗಬಹುದು. ಶಾಲೆಯಲ್ಲಿ ಓದಲು ಕಲಿತ ಹುಡುಗನು ಮನೆಗೆ ಬಂದ ಮೇಲೆ ಓದಲಿಕ್ಕೆ ಏನಿತ್ತು? ಪುರಾಣಗಳಿದ್ದವು, ಆದರೆ ಅವು ಎಳೆಯರ ಕೈಗೆ ನಿಲುಕುವಂಥವಲ್ಲ. ಮನೆಮಂದಿಯೆಲ್ಲ ಕೂಡಿ ಕೇಳಿ ನಗಬಹುದಾದ ತಿಳಿಗನ್ನಡದ ಕಥೆಯೊಂದು ಪಾಠಪುಸ್ತಕಕ್ಕಿಂತ ಕಡಿಮೆಯ ಉಪಕಾರವನ್ನು ಮಾಡಲಾರದು.

ಅವರ ಆಯುಷ್ಯದ ಕೊನೆಯ ವರ್ಷಗಳು ನಾಡಿಗೆ ಕಷ್ಟದ ವರ್ಷಗಳು. 1876ರಿಂದ 1878ರ ವರೆಗೆ ಧಾರವಾಡ, ಕಲಾದಗಿ, ಬೆಳಗಾವಿ ಸೀಮೆಗಳನ್ನು ಮಹಾಕ್ಷಾಮವು ಹಿಂಡಿತು. ಮಳೆಯಿಲ್ಲದೆ ದನಕರುಗಳು ಸತ್ತು, ಜನರು ಕೂಲಿಗಾಗಿ ಊರುಗಳನ್ನೇ ಬಿಟ್ಟುಹೋದರು. ಮನೆಯೇ ಮುರಿದಾಗ ಶಾಲೆಯು ಉಳಿಯುವದೆಂತು? ಇಪ್ಪತ್ತು ವರ್ಷ ಒಂದೊಂದೇ ಮನೆಯನ್ನು ಒಲಿಸಿ ಕೂಡಿಸಿದ ಮಕ್ಕಳು ಒಂದೆರಡು ಬೇಸಗೆಗಳಲ್ಲಿ ಚದರಿಹೋದದ್ದು ವಿದ್ಯಾಖಾತೆಯ ಎಲ್ಲ ಸಜ್ಜನರಿಗೂ ನೋವಿನ ಸಂಗತಿ. ಕ್ಷಾಮವು ತೀರಿದ ಮೇಲೆ ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು.

ಇದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿಯೂ ಸಮಾನವಾದ ಯತ್ನವೊಂದು ನಡೆದಿತ್ತು. ಶಾಸನಗಳ ಸಂಶೋಧನೆಯಿಂದ ಪ್ರಖ್ಯಾತನಾದ ಬಿ. ಎಲ್. ರೈಸನು ಅಲ್ಲಿಯ ವಿದ್ಯಾಖಾತೆಯಲ್ಲಿದ್ದುಕೊಂಡು, ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು 1868ರಲ್ಲಿ ಮುಂದಿಟ್ಟನು. ಕೂಲಿಮಠದ ಹಳೆಯ ಗುರುಗಳನ್ನೇ ಕರೆತಂದು ತರಬೇತು ಕೊಟ್ಟು ಹೋಬಳಿ ಶಾಲೆಗಳಲ್ಲಿ ನೇಮಿಸಬೇಕೆಂಬುದು ಅದರ ತಿರುಳು. ಊರವರ ವಿಶ್ವಾಸವನ್ನು ಗಳಿಸಿದವನನ್ನು ಕಳೆದುಕೊಳ್ಳದೆ ಹೊಸ ಕ್ರಮವನ್ನು ನಡೆಸುವ ಜಾಣ್ಮೆಯು ಅದರಲ್ಲಿತ್ತು. ಈಗ ಜಯನಗರ, ಬನಶಂಕರಿ, ಜೆ. ಪಿ. ನಗರವೆಂದು ಹೆಸರಾಗಿರುವ ಬೆಂಗಳೂರಿನ ತೆಂಕಣ ಭಾಗವು ಅಂದು ಯಡಿಯೂರು, ಸಾರಕ್ಕಿ ಮುಂತಾದ ಹಳ್ಳಿಗಳ ಕೆರೆಬಯಲು, ರಾಗಿಯ ಹೊಲ. ಆ ಹೊಲಗಳ ಮೇಲೆ ಎದ್ದ ಬಡಾವಣೆಗಳಲ್ಲಿ ಮೂರು ವರ್ಷದ ಕೂಸನ್ನು ಶಿಶುವಿಹಾರದ ಬಾಗಿಲಿಗೆ ಕರೆದೊಯ್ಯುವ ತಾಯಿಯು, ಒಳಗೆ ನಡೆಯುವ ಮಾತು ತನ್ನದಲ್ಲವೆಂದು ಅಂಜಿ ಹೊರಗೇ ನಿಲ್ಲುವ ಸ್ಥಿತಿಯು ಇಂದಿಗೂ ಇಲ್ಲದಿಲ್ಲ. ಚನ್ನಬಸಪ್ಪನವರ ಕಾಲದಲ್ಲಿ ಆ ಮಾತು ಮರಾಠಿಯಾಗಿತ್ತು, ಈಗ ಇಂಗ್ಲಿಷ್ ಆಗಿರುವದು. ತಾಯಿಯು ನಿಂತ ಸ್ಥಳ ಮಾತ್ರ ಅದೇ.

1881ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಚನ್ನಬಸಪ್ಪನವರು ಲಿಂಗೈಕ್ಯರಾದರು. ಅವರು ಊರೂರಲ್ಲಿ ಬಿತ್ತಿದ್ದು ಅವರ ಹಿಂದೆ ಬೆಳೆಯಿತು. 1883ರಲ್ಲಿ ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ಧಪ್ಪನವರೂ ಮುಂದಾಗಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿ ಬಡ ವಿದ್ಯಾರ್ಥಿಗಳಿಗೆ ಸಹಾಯವನ್ನು ಒದಗಿಸಿದರು. ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಸಂಪತ್ತನ್ನೇ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಕೊಟ್ಟರು. 1890ರ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1916ರಲ್ಲಿ ಏಳು ಮಂದಿ ಶಿಕ್ಷಕರ ತ್ಯಾಗದಿಂದ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ತಲೆಯೆತ್ತಿತು. ಇವರೆಲ್ಲರೂ ಕನ್ನಡ ಶಾಲೆಯ ಹಾದಿಯು ತೆರೆದ ಮೇಲೆ ನಡೆದವರು.

ಮಠಪತ್ರಿಕೆಯು ಹಲವು ಕೈಗಳನ್ನು ದಾಟಿ, ಹೆಸರನ್ನು ಬದಲಿಸಿಕೊಂಡು, ಜೀವನ ಶಿಕ್ಷಣವೆಂಬ ಹೆಸರಿನಿಂದ ಧಾರವಾಡದಿಂದಲೇ ಪ್ರಕಟವಾಗುತ್ತ ನೂರೈವತ್ತು ವರ್ಷಗಳನ್ನು ದಾಟಿತು. ಅದು ಹೋಗುತ್ತ ಬಂದದ್ದು ಪ್ರಾಥಮಿಕ ಶಾಲೆಯ ಶಿಕ್ಷಕರ ಕೈಗೆ.